ಇಲೆಕ್ಟ್ರಾನಿಕ್ಸ್ ವಿದ್ಯೆಗೆ ಮೊದಲ ಹೆಜ್ಜೆ

ಇಲೆಕ್ಟ್ರಾನಿಕ್ಸ್ ಉಪಕರಣಗಳನ್ನು ಸ್ವತಃ ಕಟ್ಟಬೇಕೆಂಬ ಹಂಬಲವುಳ್ಳ ಬಾಲಕ ಬಾಲಿಕೆಯರು ನಮ್ಮ ಶಾಲೆಯ ಮೇಲಿನ ತರಗತಿಗಳಲ್ಲಿ ಅನೇಕರಿದ್ದಾರೆ. ಎಲ್ಲಿಂದ ತೊಡಗಬೇಕೆಂಬುದು ತಿಳಿಯದೆ ಕೆಲವರು ಸುಮ್ಮನಾಗುತ್ತಾರೆ. ಮತ್ತೆ ಕೆಲವರು ಬೆಲೆಯುಳ್ಳ ಸಿದ್ಧ ಸಾಮಗ್ರಿಯ ಪೆಟ್ಟಿಗೆಯನ್ನು ತರಿಸಿ, ಅದರಲ್ಲಿಯ ಚಿತ್ರದಂತೆ ತಂತಿಗಳನ್ನು ಜೋಡಿಸಿ, ದೀಪ ಹೊತ್ತಿದೊಡನೆ ಕೃತಾರ್ಥರಾದೆವೆಂದು ಭಾವಿಸುತ್ತಾರೆ. ಮರುದಿನ ಆ ದೀಪವು ಹೊತ್ತದೆ ಹೋದರೆ ಏನು ಮಾಡತಕ್ಕದ್ದೆಂಬುದು ಅವರಿಗೆ ತೋಚುವುದಿಲ್ಲ. ಇದಲ್ಲದೆ, ಈ ವಿದ್ಯೆಯೆಲ್ಲ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದವರಿಗೆ ಎಟುಕದು ಎಂಬ ಅಂಜಿಕೆಯೊಂದುಂಟು. ಈ ಅಂಜಿಕೆಗೆ ಆಧಾರವಿಲ್ಲ. ರೋಧಕದ ಮೈಮೇಲಿರುವ ಬಣ್ಣದ ಪಟ್ಟಿಗಳು ಯಾವ ಭಾಷೆಗೂ ಸೇರಿದವಲ್ಲ. ರೋಧ, ವಿಭವಾಂತರ ಎಂಬ ಮಾತುಗಳನ್ನು ನಮ್ಮ ಮಕ್ಕಳು ಕನ್ನಡದ ಪಾಠದಲ್ಲಿಯೇ ಕಲಿತಿದ್ದಾರೆ. ನೆರೆಯ ಮರಾಠಿ ಶಾಲೆಯ ಮಕ್ಕಳು ಕಲಿಯುವ ಮಾತುಗಳೂ ಇವೇ ಆಗಿವೆ.

ಆದುದರಿಂದ ದೊಡ್ಡ ಯಂತ್ರದ ಆಸೆಯನ್ನು ಸದ್ಯಕ್ಕೆ ಬದಿಗಿರಿಸಿ, ಒಂದೇ ಒಂದು ದೀಪವನ್ನು ಹೊತ್ತಿಸಿ ಅದನ್ನು ಪೂರ್ಣವಾಗಿ ತಿಳಿದುಕೊಳ್ಳೋಣ. ಬೇಕಾಗುವ ಸಾಮಾನು ಬಹಳವಿಲ್ಲ. ಒಂಬತ್ತು ವೋಲ್ಟಿನ ಒಂದು ಬ್ಯಾಟರಿ ಮತ್ತು ಅದರ ಕ್ಲಿಪ್ಪು, ಕೆಂಪು ಎಲ್‌ಇಡಿ ನಾಲ್ಕಾರು, ಬೇರೆ ಬೇರೆ ಬೆಲೆಯ ರೋಧಕಗಳು, ಒಂದು ಬ್ರೆಡ್‌ಬೋರ್ಡ್, ಅಗ್ಗದ್ದೊಂದು ಮಲ್ಟಿಮೀಟರ್. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಇವು ರಾಶಿರಾಶಿಯಾಗಿ ದೊರೆಯುತ್ತವೆ. ಈಗ ಅಂಚೆಯಿಂದಲೂ ತರಿಸಬಹುದು. ಬ್ರೆಡ್‌ಬೋರ್ಡ್ ಎಂಬ ಹೆಸರು ವಿನೋದವಾದದ್ದು. ರೇಡಿಯೋದ ಆದಿಕಾಲದಲ್ಲಿ ಹವ್ಯಾಸಿಗಳು ಅಡುಗೆಮನೆಯ ರೊಟ್ಟಿ ಕೊಯ್ಯುವ ಹಲಗೆಯ ಮೇಲೆ ಮೊಳೆ ಹೊಡೆದು ಭಾಗಗಳನ್ನು ಜೋಡಿಸುತ್ತಿದ್ದರು. ಈಗಿನದು ತೂತುಗಳುಳ್ಳ ಪ್ಲಾಸ್ಟಿಕ್ ಹಲಗೆ. ನಡುವಣ ಕಾಲುವೆಯ ಎರಡೂ ಬದಿಗೆ ಐದೈದು ತೂತುಗಳ ಸಾಲುಗಳಿದ್ದು, ಒಂದು ಸಾಲಿನ ಐದೂ ತೂತುಗಳು ಒಳಗಿನಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಈ ಮಾತನ್ನು ಚೆನ್ನಾಗಿ ನೆನಪಿನಲ್ಲಿಡಬೇಕು.

ಎಲ್‌ಇಡಿಯನ್ನು ಬ್ಯಾಟರಿಗೆ ನೇರವಾಗಿ ಏಕೆ ಜೋಡಿಸಬಾರದು? ಹಳೆಯ ಬಲ್ಬಿನಲ್ಲಿ ಒಳಗಿನ ತಂತಿಯ ರೋಧವೇ ಪ್ರವಾಹವನ್ನು ಮಿತಿಯಲ್ಲಿಡುತ್ತಿತ್ತು. ಎಲ್‌ಇಡಿಯಾದರೋ ಅರೆವಾಹಕದಿಂದ ಮಾಡಿದ್ದು. ಕೆಂಪು ಎಲ್‌ಇಡಿಯಲ್ಲಿ ವಿಭವಾಂತರವು ಸುಮಾರು 2 ವೋಲ್ಟಿಗೆ ಸಮೀಪಿಸುವವರೆಗೆ ಪ್ರವಾಹವು ಇಲ್ಲವೆನ್ನುವಷ್ಟು ಅಲ್ಪ. ಅದನ್ನು ದಾಟಿದೊಡನೆ ಕೆರೆಯ ಕಟ್ಟೆಯೊಡೆದಂತೆ ಪ್ರವಾಹವು ನುಗ್ಗಿ ದೀಪವನ್ನು ಸುಡುತ್ತದೆ. ಸಾಮಾನ್ಯ ಎಲ್‌ಇಡಿಯು ತಾಳುವುದು 20 ಮಿಲಿ ಆಂಪಿಯರ್ ಮಾತ್ರ. ಹಾಗಾಗಿ ಕೆರೆಗೆ ತೂಬಿರುವಂತೆ ಇಲ್ಲಿ ರೋಧಕವಿರಬೇಕು. ಎಷ್ಟು ರೋಧ? 1827ರಲ್ಲಿ ಜರ್ಮನಿಯ ಗಿಯೋರ್ಗ್ ಓಮ್ ಪ್ರಕಟಿಸಿದ ನಿಯಮವು ಇದಕ್ಕೆ ಸಾಕು. ಈತನು ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದವನೆಂಬುದನ್ನು ನಮ್ಮ ಉಪಾಧ್ಯಾಯ ಬಂಧುಗಳು ಗಮನಿಸಬಹುದು. ಬ್ಯಾಟರಿಯ 9 ವೋಲ್ಟಿನಲ್ಲಿ ಎಲ್‌ಇಡಿಯ ಪಾಲು 2. ಉಳಿದ 7 ವೋಲ್ಟ್ ರೋಧಕದ ಪಾಲು. ನಮಗೆ ಬೇಕಾದ ಪ್ರವಾಹ 15 ಮಿಲಿ ಆಂಪಿಯರ್, ಅರ್ಥಾತ್ 0.015 ಆಂಪಿಯರ್. 7ನ್ನು 0.015ರಿಂದ ಭಾಗಿಸಿದರೆ ಸುಮಾರು 467 ಬರುತ್ತದೆ. ಅಂಗಡಿಯಲ್ಲಿ ದೊರೆಯುವುದು 470 ಓಮಿನದು. ಅದರ ಪಟ್ಟಿಗಳು ಹಳದಿ, ನೇರಳೆ, ಕಂದು. ಹಳದಿಯೆಂದರೆ 4, ನೇರಳೆಯೆಂದರೆ 7, ಮೂರನೆಯದಾದ ಕಂದು ಒಂದು ಸೊನ್ನೆಯನ್ನು ಸೂಚಿಸುತ್ತದೆ.

ಎಲ್‌ಇಡಿಯ ಉದ್ದನೆಯ ಕಾಲು ಧನ ಧ್ರುವದ ಕಡೆಗಿರಲಿ. ದೀಪ ಹೊತ್ತಿದ ಬಳಿಕ 470ನ್ನು ತೆಗೆದು 1,000 ಓಮ್, ಆಮೇಲೆ 10,000 ಓಮ್ ಹಾಕಿ ನೋಡಬೇಕು. ಆದರೆ ಹಾಕುವ ಮುಂಚೆ ಪ್ರವಾಹವೆಷ್ಟಾಗುವುದೆಂದು ಲೆಕ್ಕಮಾಡಿ ವಹಿಯಲ್ಲಿ ಬರೆದಿಡಬೇಕು. ಕೊನೆಯದರಲ್ಲಿ ಪ್ರವಾಹವು 0.7 ಮಿಲಿ ಆಂಪಿಯರಿಗೆ ಇಳಿದರೂ ದೀಪವು ಮಂದವಾಗಿ ಉರಿಯುತ್ತಲೇ ಇರುವುದನ್ನು ಕಂಡು ಮಕ್ಕಳು ಬೆರಗಾಗುವರು.

ಇನ್ನು ದೀಪ ಹೊತ್ತದಿದ್ದರೆ? ನಿಜವಾದ ವಿದ್ಯೆ ಆರಂಭವಾಗುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಮಲ್ಟಿಮೀಟರನ್ನು ನೇರ ಪ್ರವಾಹದ ವೋಲ್ಟ್ ಅಳೆಯುವ ಸ್ಥಾನಕ್ಕೆ ತಿರುಗಿಸಿ, ಮೊದಲು ಬ್ಯಾಟರಿಯನ್ನೂ ಬಳಿಕ ಎಲ್‌ಇಡಿಯ ಎರಡು ಕಾಲುಗಳ ನಡುವಣ ವಿಭವಾಂತರವನ್ನೂ ಅಳೆಯಬೇಕು. ಎಲ್ಲವೂ ಸರಿಯಿದ್ದರೆ ಎಲ್‌ಇಡಿಯಲ್ಲಿ 2, ರೋಧಕದಲ್ಲಿ 7 ಕಾಣುವುದು. ಎಲ್‌ಇಡಿಯಲ್ಲಿ ಪೂರ್ತಿ 9 ಕಂಡರೆ ಅದು ತಿರುವುಮುರುವಾಗಿದೆ, ಇಲ್ಲವೆ ಸುಟ್ಟುಹೋಗಿದೆ. ಅಲ್ಲಿ ಸೊನ್ನೆಯಿದ್ದು ರೋಧಕದಲ್ಲಿ 9 ಕಂಡರೆ, ಎಲ್‌ಇಡಿಯ ಎರಡೂ ಕಾಲುಗಳು ಬ್ರೆಡ್‌ಬೋರ್ಡಿನ ಒಂದೇ ಸಾಲಿನಲ್ಲಿ ಕುಳಿತಿರುವ ಸಂಭವವೇ ಹೆಚ್ಚು. ಎರಡರಲ್ಲಿಯೂ ಸೊನ್ನೆಯಾದರೆ ಎಲ್ಲಿಯೋ ತಂತಿಯ ಸಂಬಂಧ ಕಡಿದಿದೆ. ಹೀಗೆ ಅಂಕಿಯನ್ನು ಕೇಳಿ ದೋಷವನ್ನು ಹಿಡಿಯುವ ಹುಡುಗಿಯೊಬ್ಬಳು, ಚಿತ್ರ ನೋಡಿ ಹತ್ತು ಯಂತ್ರ ಜೋಡಿಸಿದವನಿಗಿಂತ ಮುಂದಿದ್ದಾಳೆ.

ಎರಡನೆಯ ಹೆಜ್ಜೆ ಟ್ರಾನ್ಸಿಸ್ಟರ್. 1947ರ ಡಿಸೆಂಬರದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಇದನ್ನು ಮೊದಲು ಸಾಧಿಸಿ ತೋರಿಸಿದರು. 1956ರಲ್ಲಿ ಇವರಿಗೆ ಶಾಕ್ಲಿಯೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಆಳುವುದೇ ಇದರ ಕೆಲಸ. ನೀರಿಗೆ ಬರವಿರುವ ನಮ್ಮ ಸೊಲ್ಲಾಪುರದ ಸೀಮೆಯಲ್ಲಿ ಮಾಳಿಗೆಯ ಮೇಲಣ ಟಾಕಿ ತುಂಬಿ ನೀರು ವ್ಯರ್ಥವಾಗಿ ಹರಿಯುವುದನ್ನು ತಡೆಯಲು ಇದನ್ನು ಉಪಯೋಗಿಸಬಹುದು. ಬಿಸಿ 547 ಎಂಬ ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಮ್ಮೆಡೆಗೆ ತಿರುಗಿಸಿ ಕಾಲುಗಳನ್ನು ಕೆಳಗೆ ಹಿಡಿದರೆ, ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರನ್ನು ಬ್ಯಾಟರಿಯ ಋಣ ಧ್ರುವಕ್ಕೆ ಸೇರಿಸಬೇಕು. ಮೊದಲಿನ ಎಲ್‌ಇಡಿ ಮತ್ತು 470 ಓಮಿನ ಜೋಡಿಯನ್ನು ಧನ ಧ್ರುವ ಹಾಗೂ ಕಲೆಕ್ಟರಿನ ನಡುವೆ ಇಡಬೇಕು. ಧನ ಧ್ರುವದಿಂದ ಒಂದು ತಂತಿ, ಬೇಸಿನಿಂದ 10,000 ಓಮಿನ ರೋಧಕದ ಮೂಲಕ ಇನ್ನೊಂದು ತಂತಿ, ಹೀಗೆ ಎರಡನ್ನು ಟಾಕಿಯ ಮೇಲ್ಭಾಗದಲ್ಲಿ ಒಂದಕ್ಕೊಂದು ತಾಗದಂತೆ ಇಳಿಬಿಡಬೇಕು. ಲವಣಗಳು ಕರಗಿರುವ ಬಾವಿಯ ನೀರು ವಿದ್ಯುತ್ತಿಗೆ ಅಲ್ಪಸ್ವಲ್ಪ ದಾರಿಕೊಡುತ್ತದೆ. ನೀರು ಏರಿ ಎರಡೂ ತುದಿಗಳನ್ನು ಮುಟ್ಟಿದಾಗ ಒಂದು ಮಿಲಿ ಆಂಪಿಯರಿಗಿಂತಲೂ ಕಡಿಮೆ ಪ್ರವಾಹವು ಬೇಸಿಗೆ ಹೋಗುವುದು. ಅದರ ನೂರಾರು ಪಾಲು ಕಲೆಕ್ಟರಿನಲ್ಲಿ ಹರಿಯಲು ಅನುವಾಗಿ ದೀಪ ಹೊತ್ತುವುದು. ದೀಪದ ಜೋಡಿಯ ಬದಲು ಒಂಬತ್ತು ವೋಲ್ಟಿಗೆ ತಕ್ಕ ಸಣ್ಣ ಬಜರ್ ಇಟ್ಟರೆ ಅಡುಗೆಮನೆಯಲ್ಲಿದ್ದವರಿಗೂ ಕೇಳಿಸುವುದು.

ಈ ಪ್ರಯೋಗಗಳೆಲ್ಲ ಬ್ಯಾಟರಿಯಿಂದಲೇ ನಡೆಯತಕ್ಕವು. ಗೋಡೆಯ ಪ್ಲಗ್ಗಿನ 230 ವೋಲ್ಟ್ ಕೊಲ್ಲಬಲ್ಲದು. ಅದರ ಗೊಡವೆಗೆ ಮಕ್ಕಳು ಹೋಗಲೇಬಾರದು. ಕೆಟ್ಟ ಟೆಲಿವಿಷನ್ನಿನ ಪೆಟ್ಟಿಗೆಯನ್ನೂ ತೆರೆಯಬಾರದು. ಹಳೆಯ ಗಾಜಿನ ಕೊಳವೆಯು ಪ್ಲಗ್ಗು ಕಿತ್ತ ಮೇಲೆಯೂ ಸಾವಿರಾರು ವೋಲ್ಟುಗಳನ್ನು ಹಿಡಿದುಕೊಂಡಿರಬಹುದು. ಬೆಸುಗೆಯ ಕೆಲಸವನ್ನು ಹಿರಿಯರ ಎದುರಿನಲ್ಲಿಯೇ ಕಲಿಯಬೇಕು. ಬೆಸುಗೆ ತಂತಿಯಲ್ಲಿ ಸೀಸವಿರುವುದರಿಂದ ಕೆಲಸ ಮುಗಿದೊಡನೆ ಕೈ ತೊಳೆಯಬೇಕು.

ಟಾಕಿಯೊಳಗಿನ ತುದಿಗಳಿಗೆ ತಾಮ್ರ ಹೊಂದದು. ಧನ ಧ್ರುವದ ತಾಮ್ರವು ವಿದ್ಯುತ್ತಿನಿಂದ ನೀರಿನಲ್ಲಿ ಕರಗಿ ಸವೆಯುತ್ತದೆ. ತುಕ್ಕು ಹಿಡಿಯದ ಉಕ್ಕಿನ ಎರಡು ತಿರುಪುಗಳನ್ನು ತಂತಿಗಳ ತುದಿಗೆ ಕಟ್ಟಿದರೆ ಬಹುಕಾಲ ಬಾಳುವುವು. ಅವುಗಳ ಮೇಲೆ ಬಿಳಿಯ ಪೊರೆ ಕಟ್ಟಿದಾಗ ಉಜ್ಜಿ ತೆಗೆದರಾಯಿತು. ಟಾಕಿ ತುಂಬುವವರೆಗೆ ಕಾಯುವ ತಾಳ್ಮೆಯಿಲ್ಲದವರು ಮೊದಲ ದಿನ ಎರಡೂ ತಿರುಪುಗಳನ್ನು ಒಂದು ಲೋಟ ನೀರಿನಲ್ಲಿ ಅದ್ದಿ ನೋಡಬಹುದು.