ಚಳಿಯೂರಿನ ಹುಳಿಕೋಸು, ಹಂದಿಮಾಂಸ

ಅಕ್ಟೋಬರ್ ಮುಗಿಯುತ್ತಾ ಬಂತೆಂದರೆ ಈಶಾನ್ಯ ಚೀನಾದ ಊರುಗಳಲ್ಲಿ ಲಾರಿಗಟ್ಟಲೆ ಕೋಸು ಬಂದಿಳಿಯುತ್ತದೆ. ನಮ್ಮಲ್ಲಿನ ಉಂಡೆ ಎಲೆಕೋಸಲ್ಲ. ಮೊಳದುದ್ದ ಬೆಳೆಯುವ, ತಿಳಿ ಹಸಿರು ಎಲೆಯ ಚೀನೀ ಕೋಸು. ಜನ ಒಂದೋ ಎರಡೋ ಕೊಳ್ಳುವುದಿಲ್ಲ, ಕೈಗಾಡಿ ತುಂಬಾ ಹೇರಿಕೊಂಡು ಹೋಗುತ್ತಾರೆ. ಬಾಲ್ಕನಿ, ಕಾಂಪೌಂಡ್ ಗೋಡೆ, ಮೆಟ್ಟಿಲ ಬದಿ ಎಲ್ಲೆಲ್ಲೂ ಬಾಡಲು ಇಟ್ಟ ಕೋಸು.

ಗಂಡನ ಕೆಲಸದ ಕಾರಣ ನಾವು ಎರಡು ಚಳಿಗಾಲ ಚಾಂಗ್‌ಚುನ್‌ನಲ್ಲಿದ್ದೆವು. ಅದು ಜಿಲಿನ್ ಪ್ರಾಂತ್ಯದ ರಾಜಧಾನಿ, ಕಾರು ತಯಾರಿಕೆಗೆ ಹೆಸರಾದ ಊರು. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ನಮ್ಮ ಮಡಿಕೇರಿಯ ಚಳಿ ಅದರ ಮುಂದೆ ಬೆಚ್ಚಗೇ ಸರಿ. ನೆಲ ಹೆಪ್ಪುಗಟ್ಟಿ ತಿಂಗಳುಗಟ್ಟಲೆ ಏನೂ ಬೆಳೆಯದು. ಈಗ ವರ್ಷವಿಡೀ ತರಕಾರಿ ಅಂಗಡಿಗೆ ಬರುತ್ತದೆ. ಹಿಂದೆ ಹಾಗಿರಲಿಲ್ಲ. ಕೂಡಿಟ್ಟ ಕೋಸು, ಆಲೂಗಡ್ಡೆ, ಮೂಲಂಗಿಯಲ್ಲೇ ವಸಂತದವರೆಗೆ ದಿನ ದೂಡಬೇಕಿತ್ತು. ಕೋಸು ಕೊಳೆಯದಂತೆ ಉಳಿಸಿಕೊಳ್ಳಲು ಅವರು ಅದನ್ನು ಹುಳಿಗಟ್ಟಿಸಿದರು. ಅದೇ 'ಸ್ವಾನ್‌ತ್ಸಾಯ್'. ಸ್ವಾನ್ ಎಂದರೆ ಹುಳಿ, ತ್ಸಾಯ್ ಎಂದರೆ ತರಕಾರಿ. ಇದು ಹೊಸ ವಿದ್ಯೆಯೇನಲ್ಲ. 6ನೇ ಶತಮಾನದಲ್ಲಿ ಜಿಯಾ ಸಿಶ್ಯೆ ಬರೆದ 'ಛೀಮಿನ್ ಯಾವೊಶು' ಎಂಬ ಕೃಷಿ ಗ್ರಂಥದಲ್ಲೇ ಸೊಪ್ಪು ತರಕಾರಿಗಳನ್ನು ಹುಳಿಗಟ್ಟಿಸುವ ಬಗೆಗಳಿವೆ.

ಗುಡಾಣದೊಳಗಿನ ಕೆಲಸ

ನಮ್ಮ ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿದ್ದರು. ಮಗ ದೂರದ ದಕ್ಷಿಣ ಚೀನಾದಲ್ಲಿ ಕೆಲಸಕ್ಕಿದ್ದ. ಬರುವುದು ವರ್ಷಕ್ಕೊಮ್ಮೆ, ಚೀನೀ ಹೊಸ ವರ್ಷಕ್ಕೆ. ನನ್ನ ಏಳು ವರ್ಷದ ಮಗಳು ಅವರನ್ನು 'ನೈನೈ', ಅಂದರೆ ಅಜ್ಜಿ, ಎನ್ನುತ್ತಿದ್ದಳು. ನಾನು ಅಲ್ಲಿನ ವಾಡಿಕೆಯಂತೆ 'ದಾನ್ಯಾಂಗ್' ಎನ್ನುತ್ತಿದ್ದೆ, ದೊಡ್ಡಮ್ಮ ಎಂದ ಹಾಗೆ.

ನವೆಂಬರ್ ಮೊದಲ ವಾರ ಅವರ ಮನೆಯಲ್ಲಿ ಕೋಸಿನ ಕೆಲಸ. ಹೊರಗಿನ ಒರಟು ಎಲೆ ತೆಗೆದು, ಉದ್ದಕ್ಕೆ ಸೀಳಿ, ಕುದಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಆರಿಸುತ್ತಿದ್ದರು. ಮಣ್ಣಿನ ದೊಡ್ಡ ಗುಡಾಣದಲ್ಲಿ ಒತ್ತೊತ್ತಾಗಿ ಪೇರಿಸಿ, ಪದರ ಪದರಕ್ಕೂ ಉಪ್ಪು ಉದುರಿಸಿ, ಮುಳುಗುವಷ್ಟು ನೀರು ಹೊಯ್ಯುತ್ತಿದ್ದರು. ಕೊನೆಗೆ ಮೇಲೊಂದು ಭಾರದ ಕಲ್ಲು. ಆ ಕಲ್ಲೆತ್ತಲು ಅವರ ಭುಜ ಒಪ್ಪುತ್ತಿರಲಿಲ್ಲ. ನಾನೂ ನನ್ನವರೂ ಸೇರಿ ಎತ್ತಿಡುತ್ತಿದ್ದೆವು.

ಕಲ್ಲೇಕೆ ಎಂದು ಮಗಳು ಕೇಳಿದಳು. ಕೋಸು ನೀರಿನಿಂದ ಮೇಲೆ ಬಂದರೆ ಗಾಳಿ ತಾಗಿ ಬೂಷ್ಟು ಹಿಡಿಯುತ್ತದೆ. ನೀರಿನಡಿಯಲ್ಲಿ, ಗಾಳಿಯಿಲ್ಲದ ಕಡೆ, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಕೋಸಿನ ಸಕ್ಕರೆ ತಿಂದು ಹುಳಿ ಬಿಡುತ್ತವೆ. ಆ ಹುಳಿಯಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬಾಳಲಾರವು. "ನಮ್ಮ ಇಡ್ಲಿ ಹಿಟ್ಟು ರಾತ್ರಿ ಉಬ್ಬಿ ಹುಳಿಯಾಗುತ್ತದಲ್ಲ, ಅದೇ ಬಳಗದ ಕೆಲಸ ಇದು" ಎಂದೆ. ಅವಳಿಗೆ ಥಟ್ಟನೆ ತಿಳಿಯಿತು.

ಎಣಿಸಿ ಕಾಯಬೇಕು

ಒಂಬತ್ತನೇ ದಿನಕ್ಕೇ ಹುಳಿ ವಾಸನೆ ಹಬ್ಬಿತು. ಮಗಳು ಒಂದು ಎಸಳು ಕೇಳಿದಳು. ಯಾವುದಕ್ಕೂ ಇಲ್ಲವೆನ್ನದ ನೈನೈ ಅಂದು ಮಾತ್ರ ಗುಡಾಣದ ಮೇಲೆ ಕೈಯಿಟ್ಟು ತಲೆಯಾಡಿಸಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳಾಚೆಯ ದಿನಕ್ಕೆ ಬೆರಳಿಟ್ಟು ತೋರಿಸಿದರು.

ಅದು ಅಜ್ಜಿಯ ಹಟವಲ್ಲ. ಕೋಸಿನಲ್ಲಿ ಸಹಜವಾಗಿಯೇ ನೈಟ್ರೇಟ್ ಇರುತ್ತದೆ. ಹುಳಿಗಟ್ಟುವ ಮೊದಲ ದಿನಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಹೆಚ್ಚಾಗಿ ದೇಹ ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಪುಟ್ಟ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ದಿನ ಕಳೆದು ಹುಳಿ ಬಲಿತಂತೆ ನೈಟ್ರೈಟ್ ಇಳಿಯುತ್ತದೆ. ಅದಕ್ಕೇ ಕನಿಷ್ಠ 20 ದಿನ, ಆದರೆ ಒಂದು ತಿಂಗಳು ಕಾಯಬೇಕೆಂಬ ನಿಯಮ. ಅರ್ಧ ಹುಳಿತ ಕೋಸೇ ಎಲ್ಲಕ್ಕಿಂತ ಕೆಟ್ಟದ್ದು.

ಕೊಡಗಿನವರಾದ ನಮಗೆ ಈ ಕಾಯುವಿಕೆ ಹೊಸದಲ್ಲ. ಮಳೆಗಾಲದ ಬೈಂಬಳೆಯನ್ನು, ಅಂದರೆ ಬಿದಿರಿನ ಕಣಿಲೆಯನ್ನು, ಹೆಚ್ಚಿ ನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಎರಡು ಮೂರು ದಿನ ಬಿಟ್ಟೇ ಬೇಯಿಸುತ್ತೇವೆ. ಹಸಿ ಕಣಿಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ರಸಾಯನಶಾಸ್ತ್ರ ಓದದ ಇಬ್ಬರು ಅಜ್ಜಿಯರು, ಒಬ್ಬರು ಕೊಡಗಿನಲ್ಲಿ, ಒಬ್ಬರು ಚಾಂಗ್‌ಚುನ್‌ನಲ್ಲಿ, ಮಕ್ಕಳ ಕೈಯನ್ನು ಪಾತ್ರೆಯಿಂದ ದೂರ ಸರಿಸಿದ್ದು ಒಂದೇ ಬಗೆಯ ಕಾಳಜಿಯಿಂದ.

ಹಂದಿ ಕಡಿದ ದಿನದ ಊಟ

ಈ ಹುಳಿಕೋಸಿಗೆ ಸರಿಯಾದ ಜೋಡಿ ಹಂದಿಮಾಂಸ. ಈಶಾನ್ಯ ಚೀನಾದ ಹಳ್ಳಿಗಳಲ್ಲಿ ವರ್ಷದ ಕೊನೆಯ ತಿಂಗಳು, ಹೊಸ ವರ್ಷಕ್ಕೆ ಮುನ್ನ, ಸಾಕಿದ ಹಂದಿ ಕಡಿಯುತ್ತಾರೆ. ನೆರೆಹೊರೆಯವರು ಕೈಜೋಡಿಸುತ್ತಾರೆ. ಅಂದು ದೊಡ್ಡ ಬಾಣಲೆಯಲ್ಲಿ ಮಾಂಸ, ರಕ್ತ ತುಂಬಿದ ಸಾಸೇಜ್, ಹುಳಿಕೋಸು ಒಟ್ಟಿಗೆ ಬೇಯುತ್ತವೆ. ಬಂದವರೆಲ್ಲ ಅಲ್ಲೇ ಉಣ್ಣುತ್ತಾರೆ. ಕೊಬ್ಬಿನ ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಹುಳಿಯ ಚುರುಕನ್ನು ಕೊಬ್ಬು ತಣಿಸುತ್ತದೆ. ನಮ್ಮ ಪಂದಿ ಕರಿಗೆ ಕಾಚಂಪುಳಿ ಬೀಳುವುದೂ ಇದೇ ಮರ್ಮದಿಂದ.

ನಮ್ಮ ಎರಡನೇ ಚಳಿಗಾಲದಲ್ಲಿ ದಾನ್ಯಾಂಗ್ ಮಗನಿಗೆ ರಜೆ ಸಿಗಲಿಲ್ಲ. ಫೋನಿಟ್ಟ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ನಮ್ಮ ಬಾಗಿಲು ತಟ್ಟಿ, "ಮೂರೂ ಜನ ಊಟಕ್ಕೆ ಬನ್ನಿ" ಎಂದರು. ಮಗನಿಗೆಂದು ತಂದಿದ್ದ ಮಾಂಸವನ್ನೇ ಬೇಯಿಸಿದ್ದರು. ನನ್ನ ಮಗಳು ಎರಡು ಬಟ್ಟಲು ತಿಂದಳು. ಅವರು ಅವಳನ್ನೇ ನೋಡುತ್ತಾ ಕುಳಿತಿದ್ದರು. ಗುಡಾಣದಲ್ಲಿ ನಾಲ್ಕು ಕೋಸು ಮಾತ್ರ ಯಾರಿಗೂ ಕೊಡದೆ ಉಳಿಸಿದರು. ಏಪ್ರಿಲ್ ಮೊದಲ ವಾರ, ಹಿರಿಯರ ಸಮಾಧಿಗೆ ಹೋಗುವ ಛಿಂಗ್‌ಮಿಂಗ್ ಹಬ್ಬಕ್ಕೆ ಮಗ ಬಂದ. ಆ ಕೋಸು ಕೆಟ್ಟಿರಲಿಲ್ಲ.

ಮನೆಯಲ್ಲಿ ಮಾಡುವ ಬಗೆ

ಕೋಸಿಗೆ: 2 ಕಿಲೋ ಚೀನೀ ಕೋಸನ್ನು ಸೀಳಿ ಒಂದು ದಿನ ಬಿಸಿಲಿಗೆ ಬಾಡಿಸಿ. 50 ಗ್ರಾಂ ಉಪ್ಪನ್ನು ಎಲೆಗಳ ನಡುವೆ ಸವರಿ, ಎಣ್ಣೆ ಪಸೆಯಿಲ್ಲದ ಜಾಡಿಯಲ್ಲಿ ಒತ್ತಿ ತುಂಬಿ. ಕುದಿಸಿ ಆರಿಸಿದ ನೀರಿಗೆ ಲೀಟರಿಗೆ 25 ಗ್ರಾಂ ಉಪ್ಪು ಬೆರೆಸಿ, ಮುಳುಗುವಷ್ಟು ಹೊಯ್ದು, ಭಾರ ಹೇರಿ. ಮುಚ್ಚಳ ಬಿಗಿಯಬೇಡಿ, ಗಾಳಿ ಹೊರಬರಬೇಕು. ಮನೆಯ ಅತಿ ತಂಪಾದ ಮೂಲೆಯಲ್ಲಿಡಿ. ಇದು ಡಿಸೆಂಬರಿನ ಕೆಲಸ, ಬೇಸಿಗೆಯಲ್ಲಿ ಬೇಡ. ಬೂಷ್ಟು ಹಿಡಿದರೆ, ಲೋಳೆಯಾದರೆ, ಕೊಳೆತ ವಾಸನೆ ಬಂದರೆ ಮರುಮಾತಿಲ್ಲದೆ ಎಸೆಯಿರಿ.

ಅಡುಗೆಗೆ (ನಾಲ್ವರಿಗೆ): ಹೊಟ್ಟೆ ಭಾಗದ ಹಂದಿಮಾಂಸ ಅರ್ಧ ಕಿಲೋ, ಹುಳಿಕೋಸು ಅರ್ಧ ಕಿಲೋ, ಪಿಷ್ಟದ ಗಾಜಿನಂಥ ನೂಡಲ್ಸ್ 100 ಗ್ರಾಂ, ಶುಂಠಿ, ಈರುಳ್ಳಿ ಸೊಪ್ಪು, ಒಂದು ಚಕ್ರಮೊಗ್ಗು.

ಮಾಂಸವನ್ನು ಇಡಿಯಾಗಿ ಶುಂಠಿ, ಚಕ್ರಮೊಗ್ಗಿನೊಂದಿಗೆ ನೀರಲ್ಲಿ 40 ನಿಮಿಷ ಬೇಯಿಸಿ, ನೊರೆ ತೆಗೆಯುತ್ತಿರಿ. ಆರಿದ ಮೇಲೆ ತೆಳ್ಳಗೆ ಬಿಲ್ಲೆ ಮಾಡಿ. ಬೆಂದ ನೀರನ್ನು ಚೆಲ್ಲಬೇಡಿ, ರುಚಿಯೆಲ್ಲ ಅದರಲ್ಲಿದೆ. ಹುಳಿಕೋಸನ್ನು ಒಮ್ಮೆ ತೊಳೆದು, ಹಿಂಡಿ, ಕೂದಲೆಳೆಯಂತೆ ಹೆಚ್ಚಿ. ಸ್ವಲ್ಪ ಹಂದಿಕೊಬ್ಬಿನಲ್ಲಿ ಈರುಳ್ಳಿ ಸೊಪ್ಪು, ಕೋಸು ಹಾಕಿ ನೀರಾರುವವರೆಗೆ ಹುರಿಯಿರಿ. ಆ ಮಾಂಸದ ನೀರು ಹೊಯ್ದು, ಬಿಲ್ಲೆಗಳನ್ನು ಮೇಲೆ ಹರಡಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ನೆನೆಸಿದ ನೂಡಲ್ಸ್ ಸೇರಿಸಿ ಇನ್ನು 10 ನಿಮಿಷ. ಉಪ್ಪು ಕೊನೆಗೆ, ರುಚಿ ನೋಡಿ ಹಾಕಿ, ಕೋಸಿನಲ್ಲೇ ಉಪ್ಪಿರುತ್ತದೆ. ಜಜ್ಜಿದ ಬೆಳ್ಳುಳ್ಳಿಗೆ ಸೋಯಾ ಸಾಸ್ ಬೆರೆಸಿದರೆ ಮಾಂಸ ಅದ್ದಿಕೊಳ್ಳಲು ಸಾಕು. ಬಿಸಿ ಅನ್ನಕ್ಕೆ ಇದು ಹೊಂದುತ್ತದೆ. ಹಂದಿಮಾಂಸ ತಿನ್ನದವರು ತೋಫು, ಅಣಬೆ ಹಾಕಿಯೂ ಮಾಡಬಹುದು.

ಜಾಡಿಯ ಮೇಲೆ ತಾರೀಕು ಬರೆದಿಡುವುದನ್ನು ಮರೆಯಬೇಡಿ. ದಿನ ಎಣಿಸುವ ಕೆಲಸ ಮನೆಯ ಮಕ್ಕಳಿಗೆ ಕೊಡಿ. ನಮ್ಮ ಮನೆಯಲ್ಲಿ ಈಗಲೂ ಆ ಲೆಕ್ಕ ಮಗಳದ್ದೇ. ತಿಂಗಳು ತುಂಬುವ ಮೊದಲು ನನಗೂ ಮುಚ್ಚಳ ತೆಗೆಯಲು ಬಿಡುವುದಿಲ್ಲ.