ಬಿಳಿಚಿದ ಮಗುವೂ ಒಂದು ತೊಟ್ಟು ರಕ್ತವೂ

ಮಗು ಬಿಳಿಚಿಕೊಂಡಿದೆ ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ದೃಷ್ಟಿ ತಾಗಿದೆಯೆಂದು ಅಜ್ಜಿ ಹೇಳುವಳು. ರಕ್ತ ಕಡಿಮೆಯಾಗಿದೆ, ಟಾನಿಕ್ ಕುಡಿಸಿರಿ ಎಂದು ನೆರೆಯವರು ಹೇಳುವರು. ಎರಡನೆಯ ಮಾತು ಸತ್ಯಕ್ಕೆ ಹತ್ತಿರವಾದುದು, ನಿಜ. ಆದರೆ ಅದೂ ಅರ್ಧ ಸತ್ಯವೇ. ರಕ್ತಹೀನತೆಯು ಜ್ವರದಂತೆ ಒಂದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ಅದರ ಹಿಂದಿನ ಕಾರಣವನ್ನರಿಯದೆ ಮದ್ದು ಕೊಡುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ.

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ಒಂದು ಮಗು ಹೀಗೆ ಬಿಳಿಚಿಕೊಂಡಿದೆಯೆಂದು ಭಾವಿಸೋಣ. ವೈದ್ಯರು ಮೊದಲು ನೋಡುವುದು ಕೆಳರೆಪ್ಪೆಯ ಒಳಮೈ, ನಾಲಗೆ, ಅಂಗೈ, ಉಗುರುಗಳನ್ನು. ಮೈಬಣ್ಣ ಹೇಗೇ ಇರಲಿ, ಈ ಎಡೆಗಳಲ್ಲಿ ರಕ್ತದ ಕೆಂಪು ಹೊರಕ್ಕೆ ತೋರುತ್ತದೆ. ಆಟದಲ್ಲಿ ಬೇಗ ದಣಿಯುವುದು, ಮಣ್ಣು ತಿನ್ನುವ ಚಪಲ ಮೊದಲಾದುವೂ ಸುಳಿವುಗಳೇ. ಆದರೆ ಅಲ್ಪಸ್ವಲ್ಪ ಕೊರತೆ ಕಣ್ಣಂದಾಜಿಗೆ ಸಿಕ್ಕುವುದಿಲ್ಲ. ಇಲ್ಲಿ ಅಳತೆ ಬೇಕು. ಅಳತೆಗೆ ಭೌತಶಾಸ್ತ್ರ ಬೇಕು. (ಆ ಶಾಸ್ತ್ರದ ಅಧ್ಯಾಪಕನ ಈ ಪಕ್ಷಪಾತವನ್ನು ವಾಚಕರು ಮನ್ನಿಸಬೇಕು.)

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹೀಮೋಗ್ಲೋಬಿನ್ನಿನಲ್ಲಿ ನಾಲ್ಕು ಪ್ರೋಟೀನು ಸರಪಣಿಗಳೂ ನಾಲ್ಕು ಕಬ್ಬಿಣದ ಪರಮಾಣುಗಳೂ ಇರುತ್ತವೆ. ಅಳೆದ ರಕ್ತವನ್ನು ತಕ್ಕ ದ್ರಾವಣದಲ್ಲಿ ಬೆರೆಸಿ, 540 ನ್ಯಾನೊಮೀಟರ್ ತರಂಗಾಂತರದ ಹಸುರು ಬೆಳಕನ್ನು ಅದರ ಮೂಲಕ ಹಾಯಿಸಿದರೆ, ಎಷ್ಟು ಬೆಳಕು ಹೀರಲ್ಪಟ್ಟಿತೆಂಬುದರಿಂದ ಹೀಮೋಗ್ಲೋಬಿನ್ ಎಷ್ಟಿದೆಯೆಂದು ತಿಳಿಯುತ್ತದೆ. ಕಾಲೇಜಿನಲ್ಲಿ ಓದುವ ಬೀರ್-ಲ್ಯಾಂಬರ್ಟ್ ನಿಯಮವೇ ಇದು.

ಹೀಗೆ ಅಳೆದಾಗ ಏನು ಕಂಡೀತು? ಬೀದರಿಗೆ ನೆರೆಯದಾದ ಗುಲ್ಬರ್ಗ (ಈಗಿನ ಕಲಬುರಗಿ) ಮತ್ತು ದಕ್ಷಿಣದ ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದರಿಂದ ಎರಡು ವರ್ಷದೊಳಗಿನ 401 ಮಕ್ಕಳ ರಕ್ತವನ್ನು ಪಸ್ರಿಚಾ ಎಂಬ ವೈದ್ಯರೂ ಅವರ ಸಂಗಡಿಗರೂ ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ 75.3ರಷ್ಟು ಮಕ್ಕಳಲ್ಲಿ ರಕ್ತಹೀನತೆಯಿತ್ತು! ಮಗುವಿನ ಹೀಮೋಗ್ಲೋಬಿನ್ ಅದರ ಮೈಯಲ್ಲಿನ ಕಬ್ಬಿಣದ ಸಂಗ್ರಹವನ್ನು ಮಾತ್ರವಲ್ಲದೆ, ತಾಯಿಯ ಹೀಮೋಗ್ಲೋಬಿನ್ನನ್ನೂ ಮನೆಯ ಸ್ಥಿತಿಗತಿಯನ್ನೂ ಅನುಸರಿಸಿ ಏರಿಳಿಯುತ್ತಿತ್ತು. ಬಡತನವು ಸೂಜಿಯ ತುದಿಯಲ್ಲಿ ಬಂದ ಹನಿಯೊಳಗೂ ಗುರುತು ಬಿಟ್ಟಿರುತ್ತದೆ.

ಇಲ್ಲಿ ಒಂದು ಮಾತು. 100 ಮಿಲಿಲೀಟರ್ ರಕ್ತದಲ್ಲಿ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂಬ ಗೆರೆಯನ್ನು ಎಳೆದವರು ಮನುಷ್ಯರೇ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು 10.5ಕ್ಕೆ ಇಳಿಸಿತು. ಗೆರೆ ಸರಿದರೆ ಶೇಕಡಾಂಕವೂ ಸರಿಯುತ್ತದೆ. ಮಗುವಿನ ದಣಿವು ಸರಿಯದು.

ಕಬ್ಬಿಣದ ಕೊರತೆಯೇ ಇದಕ್ಕೆ ಅತ್ಯಂತ ಸಾಮಾನ್ಯ ಕಾರಣ. ಜೋಳದ ರೊಟ್ಟಿ, ತೊಗರಿಬೇಳೆಗಳಲ್ಲಿ ಕಬ್ಬಿಣವುಂಟು. ಆದರೆ ಧಾನ್ಯದಲ್ಲಿರುವ ಫೈಟೇಟು ಅದನ್ನು ಕರುಳಿಗೆ ಸುಲಭವಾಗಿ ಬಿಟ್ಟುಕೊಡದು. ಊಟದೊಡನೆ ನಿಂಬೆಹಣ್ಣಿನ ರಸ ಸೇರಿದರೆ ಹೀರಿಕೆ ಹೆಚ್ಚುತ್ತದೆ, ಚಹಾ ಕುಡಿದರೆ ತಗ್ಗುತ್ತದೆ.

ಆದರೆ ಕಬ್ಬಿಣದ ಮದ್ದನ್ನು ತಿಂಗಳುಗಟ್ಟಲೆ ಸರಿಯಾಗಿ ಕೊಟ್ಟರೂ ಹೀಮೋಗ್ಲೋಬಿನ್ ಏರದಿದ್ದರೆ? ಆಗ ಕೆಂಪು ಕಣಗಳ ಗಾತ್ರವನ್ನೂ ಸಂಖ್ಯೆಯನ್ನೂ ನೋಡಬೇಕು. ವ್ಯಾಲೇಸ್ ಕೌಲ್ಟರ್ 1953ರಲ್ಲಿ ಹಕ್ಕುಪತ್ರ ಪಡೆದ ಯುಕ್ತಿ ಬಹು ಸೊಗಸಾದುದು. ಉಪ್ಪುನೀರಿನಲ್ಲಿ ಕಣಗಳನ್ನು ತೇಲಿಸಿ, ಮಿಲಿಮೀಟರಿನ ಸುಮಾರು ಹತ್ತನೆಯ ಒಂದು ಭಾಗದಷ್ಟು ಸಣ್ಣ ರಂಧ್ರದ ಮೂಲಕ ಹರಿಸುತ್ತಾರೆ. ಅದೇ ರಂಧ್ರದಲ್ಲಿ ವಿದ್ಯುತ್ತೂ ಹರಿಯುತ್ತಿರುತ್ತದೆ. ಕಣವು ವಿದ್ಯುತ್ತಿನ ಒಳ್ಳೆಯ ವಾಹಕವಲ್ಲ. ಆದುದರಿಂದ ಪ್ರತಿ ಕಣ ದಾಟಿದಾಗಲೂ ರೋಧವು ಕ್ಷಣಕಾಲ ಹೆಚ್ಚುತ್ತದೆ. ಎಷ್ಟು ಸಲ ಹೆಚ್ಚಿತೆಂಬುದು ಕಣಗಳ ಸಂಖ್ಯೆ. ಎಷ್ಟು ಹೆಚ್ಚಿತೆಂಬುದು ಕಣದ ಗಾತ್ರ.

ಈಗ ಎರಡು ಮಕ್ಕಳನ್ನು ಹೋಲಿಸೋಣ. ಇಬ್ಬರ ಕಣಗಳೂ ಚಿಕ್ಕವು: ಸರಾಸರಿ 65 ಘನ ಮೈಕ್ರಾನ್. ಆದರೆ ಒಬ್ಬನಲ್ಲಿ ಘನಮಿಲಿಮೀಟರಿಗೆ 40 ಲಕ್ಷ ಕಣಗಳಿವೆ, ಇನ್ನೊಬ್ಬನಲ್ಲಿ 56 ಲಕ್ಷ. ಗಾತ್ರವನ್ನು ದಶಲಕ್ಷಗಳಲ್ಲಿ ಹೇಳಿದ ಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯವನಿಗೆ 16.25, ಎರಡನೆಯವನಿಗೆ 11.6 ಬರುತ್ತದೆ. ಇದು 13ಕ್ಕಿಂತ ಹೆಚ್ಚಾದರೆ ಕಬ್ಬಿಣದ ಕೊರತೆಯನ್ನೂ, ಕಡಿಮೆಯಾದರೆ ಥಲಸ್ಸೀಮಿಯದ ವಾಹಕತನವನ್ನೂ ಶಂಕಿಸಬೇಕೆಂದು ಮೆಂಟ್ಸರ್ 1973ರಲ್ಲಿ ಸೂಚಿಸಿದರು. ಕಬ್ಬಿಣವಿಲ್ಲದ ಮಜ್ಜೆ ಕೆಲವೇ ಕಣಗಳನ್ನು ಮಾಡಬಲ್ಲದು; ವಾಹಕನ ಮಜ್ಜೆಯಾದರೋ ಚಿಕ್ಕ ಕಣಗಳನ್ನೇ ಹೇರಳವಾಗಿ ಮಾಡುತ್ತದೆ. ಈ ಭಾಗಾಕಾರ ದಾರಿ ತೋರುವ ಕೈಮರ ಮಾತ್ರ. ನಿಶ್ಚಯಕ್ಕೆ ಹೀಮೋಗ್ಲೋಬಿನ್ ಎ2 ಎಂಬ ಬಗೆಯನ್ನು ಅಳೆಯಬೇಕು. ವಾಹಕರಲ್ಲಿ ಅದು ಸಾಮಾನ್ಯವಾಗಿ ಶೇಕಡಾ 3.5ನ್ನು ಮೀರುತ್ತದೆ.

ವಾಹಕನಾದ ಮಗು ಆರೋಗ್ಯವಾಗಿಯೇ ಬೆಳೆಯುತ್ತದೆ. ತಂದೆತಾಯಿಗಳಿಬ್ಬರೂ ವಾಹಕರಾದಾಗ ಮಾತ್ರ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ಗಂಡಾಂತರ. ಅಂಥ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಬೇಕಾಗುತ್ತದೆ, ಆ ರಕ್ತದ ಕಬ್ಬಿಣವೇ ಹೃದಯ ಯಕೃತ್ತುಗಳಲ್ಲಿ ಕೂಡಿ ಹಾನಿ ಮಾಡುತ್ತದೆ. ಅದರ ಮೇಲೆ ಕಬ್ಬಿಣದ ಟಾನಿಕ್ಕನ್ನೂ ಕುಡಿಸಿದರೆ ಹೇಗಾದೀತು!

ಹೀಮೋಗ್ಲೋಬಿನ್ನಿನ ಬಗೆಗಳನ್ನು ವಿದ್ಯುತ್ತಿನಿಂದಲೂ ಬೇರ್ಪಡಿಸಬಹುದು. ಕುಡುಗೋಲುಕಣದ ರೋಗಿಗಳ ಹೀಮೋಗ್ಲೋಬಿನ್ ವಿದ್ಯುತ್ಕ್ಷೇತ್ರದಲ್ಲಿ ಬೇರೆಯಾಗಿ ಚಲಿಸುವುದನ್ನು ಲೈನಸ್ ಪಾಲಿಂಗ್ ಮತ್ತು ಸಹೋದ್ಯೋಗಿಗಳು 1949ರಲ್ಲಿ ತೋರಿಸಿದರು. ಋಣ ವಿದ್ಯುದಂಶವುಳ್ಳ ಗ್ಲುಟಾಮಿಕ್ ಆಮ್ಲದ ಎಡೆಯಲ್ಲಿ ವಿದ್ಯುದಂಶವಿಲ್ಲದ ವ್ಯಾಲೀನು ಕುಳಿತಿರುವುದೇ ಕಾರಣವೆಂದು ಕೆಲವು ವರ್ಷಗಳಲ್ಲಿ ಇಂಗ್ರಾಂ ಕಂಡುಹಿಡಿದರು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಈ ಕುಡುಗೋಲುಕಣವನ್ನು ನಮ್ಮ ಚಾಮರಾಜನಗರಕ್ಕೆ ತಾಗಿಕೊಂಡಿರುವ ನೀಲಗಿರಿಯ ಗಿರಿಜನರಲ್ಲಿಯೇ ಗುರುತಿಸಿದರು.

ಇಷ್ಟೆಲ್ಲ ಪರೀಕ್ಷೆಗಳಿಗೆ ಸಾವಧಾನವಿದೆ. ಸಾವಧಾನವಿಲ್ಲದ ಸಂದರ್ಭವೂ ಒಂದುಂಟು. ಬಿಳಿಚಿದ ಮಗುವಿಗೆ ಬಿಡದ ಜ್ವರವೂ ಇದ್ದು, ಮೂಳೆ ನೋಯುತ್ತ, ಕುತ್ತಿಗೆಯ ಗ್ರಂಥಿಗಳು ಉಬ್ಬಿ, ಚರ್ಮದ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳೆದ್ದರೆ ಒಂದು ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿ ನೋಡಬೇಕು. ಚುಕ್ಕೆ ಮಾಯದಿದ್ದರೆ ರಕ್ತವು ನಾಳದಿಂದ ಹೊರಕ್ಕೆ ಜಿನುಗಿದೆಯೆಂದು ಅರ್ಥ. ಕೆಂಪು ಕಣ, ಬಿಳಿ ಕಣ, ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಈ ಮೂರೂ ಒಮ್ಮೆಗೇ ಕೆಟ್ಟಿದ್ದರೆ ದೋಷವು ಅವೆಲ್ಲ ಹುಟ್ಟುವ ಮಜ್ಜೆಯಲ್ಲಿಯೇ ಇರಬಹುದು. ಅದು ಲ್ಯೂಕೀಮಿಯವೂ ಆಗಬಹುದು. ಅಂಥ ಮಗುವನ್ನು ಅದೇ ದಿನ ಭಾಲ್ಕಿಗೋ ಬೀದರಿಗೋ ಕೊಂಡೊಯ್ಯಬೇಕು. ಅಲ್ಲಿ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಂಶಯ ಉಳಿದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ಕಳುಹಿಸುತ್ತಾರೆ. ಮಕ್ಕಳ ಲ್ಯೂಕೀಮಿಯದ ಅತಿ ಸಾಮಾನ್ಯ ಬಗೆಯು ಇಂದು ಬಹುಮಟ್ಟಿಗೆ ಗುಣವಾಗತಕ್ಕದ್ದೇ ಆಗಿದೆ.