ಸೊಪ್ಪಿನ ನೀರನ್ನು ಚೆಲ್ಲದಿರೋಣ

ಅಂಗವು ಲಿಂಗದ ನೆಲೆ. ಆ ನೆಲೆಯನ್ನು ಕಾಪಾಡಿಕೊಳ್ಳುವುದೂ ಪೂಜೆಯ ಒಂದು ಭಾಗವೆಂದೇ ನಾವು ತಿಳಿದಿದ್ದೇವೆ. ಆದರೆ ಇಂದು ಭಕ್ತರ ಮನೆಗಳಿಗೆ ಹೋದಾಗ, ನಲವತ್ತು ತುಂಬದವರೂ ರಕ್ತದೊತ್ತಡದ ಗುಳಿಗೆ ನುಂಗುವುದನ್ನು ಕಾಣುತ್ತೇವೆ. ಅಂಥ ಎಷ್ಟೋ ಮನೆಗಳ ಊಟದಲ್ಲಿ ಸೊಪ್ಪಿನ ಪಲ್ಯ ಅಪರೂಪವಾಗಿದೆ. ಅದು ಬಡವರ ಊಟವೆಂಬ ತಾತ್ಸಾರ ನಮ್ಮಲ್ಲಿ ಬೆಳೆದುಬಿಟ್ಟಿದೆ.

ಹರಿವೆ, ಪಾಲಕ್, ಮೂಲಂಗಿ, ಬೀಟ್‌ರೂಟ್ ಮೊದಲಾದವು ಮಣ್ಣಿನಿಂದ ನೈಟ್ರೇಟ್ ಎಂಬ ಲವಣವನ್ನು ಹೀರಿ ಕೂಡಿಟ್ಟುಕೊಳ್ಳುತ್ತವೆ. ನಾವು ಉಂಡ ನೈಟ್ರೇಟಿನ ಒಂದು ಪಾಲು ರಕ್ತಕ್ಕೆ ಸೇರಿ, ಜೊಲ್ಲಿನೊಡನೆ ಮರಳಿ ಬಾಯಿಗೆ ಬರುತ್ತದೆ. ನಾಲಿಗೆಯ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ದೇಹದೊಳಗೆ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗುತ್ತದೆ. ಈ ಅನಿಲವು ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ತಗ್ಗಿಸುತ್ತದೆ. ಇದರ ಮಹತ್ತ್ವವನ್ನು ಕಂಡುಕೊಟ್ಟ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಡೆನ್ಮಾರ್ಕಿನಲ್ಲಿ 50,000ಕ್ಕೂ ಹೆಚ್ಚು ಜನರನ್ನು ಸುಮಾರು 23 ವರ್ಷ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಇಂಥ ತರಕಾರಿಗಳನ್ನು ಹೆಚ್ಚು ಉಣ್ಣುವವರಲ್ಲಿ ಹೃದಯ-ರಕ್ತನಾಳಗಳ ರೋಗ ಶೇಕಡಾ 12ರಿಂದ 26ರಷ್ಟು ಕಡಿಮೆಯಿತ್ತು. ಅದಕ್ಕೆ ದಿನಕ್ಕೊಂದು ಬಟ್ಟಲು ಹಸಿ ಸೊಪ್ಪು ಅಥವಾ ಅರ್ಧ ಬಟ್ಟಲು ಬೇಯಿಸಿದ ಸೊಪ್ಪು ಸಾಕು.

ಗೃಹಿಣಿಯರು ಗಮನಿಸಬೇಕಾದ ಮಾತೊಂದಿದೆ. ನೈಟ್ರೇಟ್ ನೀರಿನಲ್ಲಿ ಕರಗುವ ವಸ್ತು. ಸೊಪ್ಪು ಬೇಯಿಸಿದ ನೀರನ್ನು ಬಚ್ಚಲಿಗೆ ಚೆಲ್ಲಿದರೆ ಅದರ ಬಹುಪಾಲು ಗುಣವನ್ನೂ ಚೆಲ್ಲಿದಂತೆಯೇ. ಹಳೆಯ ಮೈಸೂರಿನ ತಾಯಂದಿರು ಆ ನೀರನ್ನು ಬಸಿದು ಬಸ್ಸಾರು ಮಾಡಿದರು. ಉತ್ತರದ ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಮೆಂತ್ಯದ ಸೊಪ್ಪನ್ನೂ ಮೂಲಂಗಿಯನ್ನೂ ಹಸಿಯಾಗಿಯೇ ತಿನ್ನುವ ರೂಢಿ ಉಳಿಯಿತು. ಎರಡೂ ಜಾಣತನವೇ. ಕ್ರಿಮಿನಾಶಕ ದ್ರವದಿಂದ ದಿನವೂ ಬಾಯಿ ಮುಕ್ಕಳಿಸಿದರೆ ನಾಲಿಗೆಯ ಉಪಕಾರಿ ಜೀವಿಗಳೂ ನಾಶವಾಗುತ್ತವೆಂಬುದು ನೆನಪಿರಲಿ.

ಆದರೆ ಸೊಪ್ಪು ಗುಳಿಗೆಗೆ ಬದಲಿಯಲ್ಲ. ವೈದ್ಯರ ಮಾತಿಲ್ಲದೆ ಗುಳಿಗೆಯನ್ನು ನಿಲ್ಲಿಸಬಾರದು. ಮೂತ್ರಪಿಂಡದ ಕಲ್ಲುಳ್ಳವರೂ, ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ವೈದ್ಯರನ್ನು ಕೇಳಿಯೇ ಸೊಪ್ಪಿನ ಪ್ರಮಾಣವನ್ನು ಬದಲಿಸಬೇಕು. ಬೇಯಿಸಿದ ಸೊಪ್ಪನ್ನು ಹೊರಗೆ ಇಟ್ಟು ಮರುದಿನ ಉಣ್ಣುವುದು ಸಲ್ಲದು.

ನಾವು ಮಠದಲ್ಲಿ ಓದುವಾಗ ತಟ್ಟೆಯಲ್ಲಿ ಪ್ರಸಾದದ ಒಂದು ಅಗುಳನ್ನೂ ಬಿಡುವಂತಿರಲಿಲ್ಲ. ಆ ನಿಯಮವು ತಟ್ಟೆಗಷ್ಟೇ ಅಲ್ಲ, ಒಲೆಯ ಮೇಲಿನ ಪಾತ್ರೆಗೂ ಸಲ್ಲುತ್ತದೆಂದು ಈಗ ಅರಿವಾಗುತ್ತಿದೆ. ಭಕ್ತರು ಇಂದಿನಿಂದಲೇ ಇದನ್ನು ಆಚರಣೆಗೆ ತರಲಿ.